ಮಧುಮೇಹವೂ ನಮ್ಮ ಸಂಘಗಳ ಕರ್ತವ್ಯವೂ

ನವೆಂಬರ ತಿಂಗಳು ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಸಡಗರವೋ ಸಡಗರ. ಮೊದಲನೆಯ ತಾರೀಕಿಗೆ ರಾಜ್ಯೋತ್ಸವ. ಅದರ ಬೆನ್ನಿಗೇ ನಾಟಕ, ಯಕ್ಷಗಾನ, ಸನ್ಮಾನ, ಭಾಷಣ. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದು ಉಚಿತ ಆರೋಗ್ಯ ತಪಾಸಣೆಯ ಶಿಬಿರ. ನವೆಂಬರ 14, ಇನ್ಸುಲಿನ್ನಿನ ಶೋಧಕರಲ್ಲೊಬ್ಬರಾದ ಫ್ರೆಡರಿಕ್ ಬ್ಯಾಂಟಿಂಗರ ಜನ್ಮದಿನ. ಅದನ್ನೇ ಲೋಕವು ಮಧುಮೇಹ ದಿನವೆಂದು ಆಚರಿಸುತ್ತಿದೆ. ಹೀಗಾಗಿ ರಾಜ್ಯೋತ್ಸವದ ಚಪ್ಪರವನ್ನು ಕಳಚುವ ಮೊದಲೇ ಅದರಡಿಯಲ್ಲಿ ಜನರು ಸಾಲುಗಟ್ಟಿ ನಿಂತು ಬೆರಳು ಚುಚ್ಚಿಸಿಕೊಳ್ಳುವುದೂ, ಒಂದು ಅಂಕಿಯನ್ನು ಬರೆದ ಚೀಟಿಯನ್ನು ಹಿಡಿದು ಮನೆಗೆ ಮರಳುವುದೂ ರೂಢಿಯಾಗಿದೆ. ಪರೀಕ್ಷೆ ಮುಗಿದ ಬಳಿಕ ಬಂದವರಿಗೆಲ್ಲ ಶೀರಾ ಹಂಚಿದ ಶಿಬಿರವನ್ನೂ ಈ ಲೇಖಕನು ಕಂಡಿದ್ದಾನೆ. ಅದನ್ನು ನೆನೆದು ನಗುವುದೋ ಅಳುವುದೋ ತಿಳಿಯದು.

ಶಿಬಿರಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ರೋಗವಿದೆಯೆಂದು ಅರಿಯದವನಿಗೆ ಅದನ್ನು ಅರುಹುವುದು ಸತ್ಕಾರ್ಯವೇ. ಆದರೆ ಚೀಟಿ ಕೈಸೇರಿದ ಮಾರನೆಯ ದಿನ ಆ ಮನುಷ್ಯನ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ಸಂಘಗಳು ತಮಗೆ ತಾವೇ ಕೇಳಿಕೊಂಡಂತೆ ತೋರುವುದಿಲ್ಲ. ಅದನ್ನು ಕೇಳಲೇಬೇಕಾದ ಸಂದರ್ಭವೊಂದು ಈ ಲೇಖಕನಿಗೆ ಒದಗಿತು; ಅದನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಮುಂಬಯಿಯ ಒಂದು ರಾತ್ರಿಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದ್ದರಿಂದ ಈ ಲೇಖಕನಿಗೆ ಹೋಟಲು ಕೆಲಸಗಾರರಲ್ಲಿ ಹಳೆಯ ಶಿಷ್ಯರು ಅನೇಕರಿದ್ದಾರೆ. ಅವರಲ್ಲೊಬ್ಬನು ಕುಂದಾಪುರದ ಕಡೆಯವನು. ಲೋಟ ತೊಳೆಯುವ ಹುಡುಗನಾಗಿ ಬಂದವನು ಮುಖ್ಯ ಅಡಿಗೆಯವನಾಗಿ, ಐವತ್ತರ ವಯಸ್ಸನ್ನು ದಾಟಿದ್ದನು. ಅವನು ಆಸ್ಪತ್ರೆಯಲ್ಲಿದ್ದಾನೆಂದು ಕೇಳಿ ನೋಡಹೋದಾಗ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ಶಿಬಿರದಲ್ಲಿ ಅವನಿಗೂ ಚೀಟಿ ದೊರೆತಿತ್ತು. 280 ಎಂದು ಅದರಲ್ಲಿ ಬರೆದಿತ್ತು. ಚೀಟಿಯನ್ನು ಅವನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದನು.

"ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟೆ, ಮಾಷ್ಟ್ರೇ," ಎಂದನು. "ಒಂದು ತಿಂಗಳು ಮಾತ್ರೆಯೂ ತೆಗೊಂಡೆ. ಮತ್ತೆ ಮೈ ಸರಿಯಾಯಿತು, ನಿಲ್ಲಿಸಿದೆ. ಮತ್ತೆಂತ ಮಾಡಬೇಕು ಅಂತ ಯಾರೂ ಹೇಳಲಿಲ್ಲ."

ಯಾರೂ ಹೇಳಲಿಲ್ಲವೆಂಬುದು ಅಕ್ಷರಶಃ ನಿಜವಲ್ಲ. ವೈದ್ಯರು ಹೇಳಿದ್ದರು, ಆದರೆ ಎದುರಿಗೆ ಐವತ್ತು ಜನ ಕಾಯುತ್ತಿರುವಾಗ ಅವಸರದ ಹಿಂದಿಯಲ್ಲಿ ಹೇಳಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ಕಾಲಿನ ಸ್ಪರ್ಶಜ್ಞಾನ ಕುಂದಿದ್ದು ಅವನ ಗಮನಕ್ಕೆ ಬರಲಿಲ್ಲ. ಒದ್ದೆ ನೆಲದ ಅಡಿಗೆಮನೆಯಲ್ಲಿ ಬರಿಗಾಲಿನಲ್ಲಿ ನಿಂತು ದುಡಿಯುವವನಿಗೆ ಹಿಮ್ಮಡಿಯಲ್ಲಿ ಆದ ಗಾಯದ ನೋವೂ ತಿಳಿಯಲಿಲ್ಲ. ದುರ್ವಾಸನೆ ಬಂದಾಗಲೇ ಗೊತ್ತಾಯಿತು. ಆಗ ಕಾಲ ಮಿಂಚಿತ್ತು.

ಇದಕ್ಕಿಂತಲೂ ಮನಸ್ಸನ್ನು ಕಲಕಿದ ಸಂಗತಿ ಇನ್ನೊಂದಿದೆ. ಅದೇ ಹೋಟಲಿನ ಗಲ್ಲಾದಲ್ಲಿ ಕೂಡುವ ವೃದ್ಧರಿಗೂ ಹತ್ತು ವರ್ಷಗಳಿಂದ ಇದೇ ರೋಗವಿದೆ. ಅವರು ತಪ್ಪದೆ ಮಾತ್ರೆ ಸೇವಿಸುತ್ತಾರೆ, ರಾತ್ರಿ ಮಲಗುವ ಮುನ್ನ ಪಾದಗಳನ್ನು ಪರೀಕ್ಷಿಸಿಕೊಳ್ಳುತ್ತಾರೆ, ಅನ್ನ ಅಳೆದು ಉಣ್ಣುತ್ತಾರೆ, ಸುಖವಾಗಿಯೂ ಇದ್ದಾರೆ. ಆದರೆ ಇವನಿಗಿರುವುದು ಅವರಿಗೆ ಗೊತ್ತಿರಲಿಲ್ಲ, ಅವರಿಗಿರುವುದು ಇವನಿಗೆ ಗೊತ್ತಿರಲಿಲ್ಲ. ರೋಗವಿದೆಯೆಂದು ತಿಳಿದರೆ ಕೆಲಸ ಹೋದೀತೆಂಬ ಭಯದಿಂದ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಒಂದು ಕಾಲನ್ನು ಉಳಿಸಬಹುದಾಗಿದ್ದ ತಿಳಿವಳಿಕೆಯು ಅಡಿಗೆಮನೆಯಿಂದ ಹದಿನೈದು ಹೆಜ್ಜೆ ದೂರದಲ್ಲಿ ಮೌನವಾಗಿ ಕುಳಿತಿತ್ತು.

ಮಧುಮೇಹವು ಶ್ರೀಮಂತರ ರೋಗವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಕಾಲ ಬದಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2008ರಿಂದ 2020ರವರೆಗೆ ದೇಶದ ರಾಜ್ಯಗಳಲ್ಲಿಯೂ ಕೇಂದ್ರಾಡಳಿತ ಪ್ರದೇಶಗಳಲ್ಲಿಯೂ ಒಂದು ಲಕ್ಷ ಹದಿಮೂರು ಸಾವಿರಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಿ, 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ. ಎಂದರೆ ಸುಮಾರು 10.1 ಕೋಟಿ ಜನ. ರೋಗದ ಹೊಸ್ತಿಲಲ್ಲಿ ನಿಂತಿರುವವರು ಮತ್ತೆ 13.6 ಕೋಟಿ. ಹಳ್ಳಿಗಳಲ್ಲಿ ಶೇಕಡಾ 8.9 ಆಗಿರುವುದು ಪಟ್ಟಣಗಳಲ್ಲಿ 16.4. ಇದೇ ಸಮೀಕ್ಷೆಯವರು 2017ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಲ್ಲಿ ನಮ್ಮಂಥವರು ವಿಶೇಷವಾಗಿ ಲಕ್ಷಿಸಬೇಕಾದ ಸಂಗತಿಯಿದೆ. ಮಹಾರಾಷ್ಟ್ರ, ತಮಿಳುನಾಡುಗಳಂಥ ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಈ ರೋಗವು ಸಿರಿವಂತರಿಗಿಂತ ಬಡವರಲ್ಲಿಯೇ ಅಧಿಕವಾಗಿ ಕಂಡುಬಂದಿದೆ. ಮುಂಬಯಿ, ಪುಣೆ, ಚೆನ್ನೈಗಳಿಗೆ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗನು ಈ ಲೆಕ್ಕದ ಹೊರಗಿನವನಲ್ಲ. ಉಡುಪಿ, ದಕ್ಷಿಣ ಕನ್ನಡಗಳಿಂದ ಹೋಟಲಿಗೆ ಬಂದವನೂ, ಕಲಬುರಗಿ, ವಿಜಯಪುರಗಳಿಂದ ಕಟ್ಟಡದ ಕೂಲಿಗೆ ಬಂದು ಮುಂಜಾನೆ ನಾಕಾದಲ್ಲಿ ನಿಲ್ಲುವವನೂ, ಅವನ ಹೆಂಡತಿಯಾಗಿ ನಾಲ್ಕು ಮನೆಗಳ ಪಾತ್ರೆ ತಿಕ್ಕುವವಳೂ ಇದರೊಳಗೇ ಇದ್ದಾರೆ.

ಈ ರೋಗದ ಸ್ವಭಾವವೇ ಬೇರೆ. ಮಲೇರಿಯಾ ಬಂದರೆ ಮಾತ್ರೆ ನುಂಗಿ ಗುಣಹೊಂದಬಹುದು. ಮೂಳೆ ಮುರಿದರೆ ಕಟ್ಟು ಹಾಕಿಸಬಹುದು. ಮಧುಮೇಹಿಯಾದರೋ ದಿನವೂ, ಹೊತ್ತುಹೊತ್ತಿಗೂ, ತನಗೆ ತಾನೇ ವೈದ್ಯನಾಗಬೇಕಾಗುತ್ತದೆ. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಮಾತ್ರೆ, ಎಷ್ಟು ನಡಿಗೆ, ಜ್ವರ ಬಂದಾಗ ಏನು, ಉಪವಾಸದ ದಿನ ಏನು, ಇವೆಲ್ಲವನ್ನೂ ನಿರ್ಣಯಿಸುವವನು ಅವನೇ. ವರ್ಷಕ್ಕೆ ನಾಲ್ಕು ಬಾರಿ ವೈದ್ಯರನ್ನು ಕಂಡು ಪ್ರತಿಸಲವೂ ಐದು ನಿಮಿಷ ಪಡೆದನೆನ್ನೋಣ. ಒಟ್ಟು ಇಪ್ಪತ್ತು ನಿಮಿಷ. ವರ್ಷದ 8,760 ಗಂಟೆಗಳಲ್ಲಿ ಉಳಿದದ್ದೆಲ್ಲ ಅವನ ಸ್ವಂತ ಹೊಣೆ. ಅಮೆರಿಕದ ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನರು ಈ ಸತ್ಯವನ್ನು ಬಹು ಹಿಂದೆಯೇ ಕಂಡುಕೊಂಡು, ಇನ್ಸುಲಿನ್ ಕಂಡುಹಿಡಿಯುವುದಕ್ಕೂ ಮೊದಲೇ, 1918ರಲ್ಲಿ ರೋಗಿಗಳಿಗಾಗಿ ಕೈಪಿಡಿಯೊಂದನ್ನು ಬರೆದರು. ಶಿಕ್ಷಣವು ಈ ರೋಗದ ಚಿಕಿತ್ಸೆಗೆ ಅಲಂಕಾರವಲ್ಲ, ಚಿಕಿತ್ಸೆಯೇ ಎಂಬುದು ಅವರ ಬೋಧನೆಯ ಸಾರವಾಗಿತ್ತು.

ನಮ್ಮ ಪ್ರಾಚೀನರಿಗೂ ಮಧುಮೇಹ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಒಂದು ವಿಚಿತ್ರ ವಿಧಿಯಿದೆ. ಹಣವಿಲ್ಲದ ಅಥವಾ ಬಂಧುಗಳಿಲ್ಲದ ರೋಗಿಯು ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನಗಳಿಗೂ ಮೇಲ್ಪಟ್ಟು ನಡೆಯತಕ್ಕದ್ದೆಂದು ಅಲ್ಲಿ ಹೇಳಿದೆ. ಮಿತವಾದ ಅನ್ನ ಮತ್ತು ದೀರ್ಘವಾದ ನಡಿಗೆ ಎಂಬ ತತ್ತ್ವ ಇಂದಿಗೂ ಸತ್ಯವೇ. ಬರಿಗಾಲಿನ ಮಾತು ಮಾತ್ರ ಇಂದಿನ ವೈದ್ಯಕ್ಕೆ ಸರ್ವಥಾ ವಿರುದ್ಧ. ಬರಿಗಾಲೇ ನಮ್ಮ ಅಡಿಗೆಯವನ ಕಾಲನ್ನು ನುಂಗಿದ್ದು. ಆದರೆ ಆ ವಿಧಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಶಬ್ದ ಇನ್ನೊಂದು. ಅದು 'ಬಂಧುಗಳಿಲ್ಲದವನು' ಎಂಬುದು. ಹಣವಿಲ್ಲದವನನ್ನೂ ಬಂಧುವಿಲ್ಲದವನನ್ನೂ ಶಾಸ್ತ್ರಕಾರರು ಒಂದೇ ಸಾಲಿನಲ್ಲಿ ಕೂರಿಸಿದರು. ಪರಸ್ಥಳದ ಚಾಳಿನಲ್ಲಿಯೋ ಹೋಟಲಿನ ಅಟ್ಟದ ಮೇಲೆಯೋ ಮಲಗುವ ಕನ್ನಡಿಗನು ಈ ಎರಡೂ ಆಗಿದ್ದಾನೆ. ಅವನಿಗೆ ಹಣ ಕೊಡುವುದು ಎಲ್ಲರಿಗೂ ಸಾಧ್ಯವಾಗಲಾರದು. ಬಂಧುವನ್ನು ಕೊಡುವುದು ಸಾಧ್ಯವಿದೆ.

ಅಂಥ ಬಂಧುತ್ವವನ್ನು ವ್ಯವಸ್ಥಿತವಾಗಿ ಏರ್ಪಡಿಸುವ ಪದ್ಧತಿಯು ಬೇರೆ ಬೇರೆ ದೇಶಗಳಲ್ಲಿ ಬೆಳೆದುಬಂದಿದೆ. ರೋಗಿಗೆ ಅದೇ ರೋಗವುಳ್ಳ, ಅದೇ ತರಗತಿಯ, ಅದೇ ಭಾಷೆಯ ಇನ್ನೊಬ್ಬನು ಪಾಠ ಹೇಳುವುದು ಇದರ ತಿರುಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ವಿದುಷಿಯು ಸಂಧಿವಾತದ ರೋಗಿಗಳಿಗಾಗಿ ಆರಂಭಿಸಿದ ಕಾರ್ಯವು ಮುಂದೆ ಬಹುಕಾಲದ ರೋಗಗಳೆಲ್ಲಕ್ಕೂ ವಿಸ್ತರಿಸಿತು. ವಾರಕ್ಕೊಂದರಂತೆ ಆರು ಸಭೆಗಳು, ಪ್ರತಿಯೊಂದೂ ಎರಡೂವರೆ ಗಂಟೆ, ನಡೆಸುವವರು ವೈದ್ಯರಲ್ಲ, ತರಬೇತಿ ಹೊಂದಿದ ಸಾಮಾನ್ಯರು. ನಮಗೆ ಇನ್ನೂ ಹತ್ತಿರದ ಉದಾಹರಣೆ ಕಾಂಬೋಡಿಯದ್ದು. ಯುದ್ಧದಿಂದಲೂ ನರಮೇಧದಿಂದಲೂ ವೈದ್ಯರನ್ನೇ ಕಳೆದುಕೊಂಡಿದ್ದ ಆ ಬಡ ದೇಶದಲ್ಲಿ ಮೋಪೋತ್ಸ್ಯೋ ಎಂಬ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ರಾಜಧಾನಿ ನಾಮ್ ಪೆನ್ನಿನ ಕೊಳೆಗೇರಿಗಳಿಂದ ಕೆಲಸ ಆರಂಭಿಸಿತು. ಮಧುಮೇಹಿಗಳಲ್ಲೇ ಕೆಲವರನ್ನು ಆರಿಸಿ ತರಬೇತು ಮಾಡಿ, ಅವರ ಮನೆಗಳನ್ನೇ ಪಾಠಶಾಲೆಗಳನ್ನಾಗಿ ಮಾಡಿತು. ದುಬಾರಿಯಾದ ರಕ್ತಪರೀಕ್ಷೆಯನ್ನು ದಿನದಿನವೂ ಮಾಡಿಸಿಕೊಳ್ಳಲಾರದವರಿಗೆ ಅಗ್ಗದ ಮೂತ್ರಪರೀಕ್ಷೆಯ ಪಟ್ಟಿಯಿಂದ ತಮ್ಮ ಸ್ಥಿತಿಯನ್ನು ಅರಿಯುವುದನ್ನು ಕಲಿಸಿತು.

ನಮ್ಮ ದೇಶದಲ್ಲಿಯೂ ಇಂಥ ಪ್ರಯೋಗ ನಡೆದಿದೆ. ಕೇರಳದ ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನಕರ ತಾಲ್ಲೂಕಿನಲ್ಲಿ 60 ಮತಗಟ್ಟೆಗಳ ಪ್ರದೇಶಗಳಿಂದ, ರೋಗ ಬರುವ ಸಂಭವ ಹೆಚ್ಚಾಗಿರುವ 1,007 ಮಂದಿಯನ್ನು ಆರಿಸಿ, ಅರ್ಧ ಪ್ರದೇಶಗಳಲ್ಲಿ ಊರವರೇ ಮುಂದಾಳುಗಳಾಗಿ ಒಂದು ವರ್ಷ ಸಭೆಗಳನ್ನು ನಡೆಸಿದರು. ಹದಿನೈದು ಸಭೆಗಳಲ್ಲಿ ಹನ್ನೆರಡನ್ನು ಊರವರೇ ನಡೆಸಿದರು. ಇದರ ಫಲವನ್ನು 2018ರಲ್ಲಿ ಪ್ರಕಟಿಸಿದ್ದಾರೆ. ಪ್ರಾಮಾಣಿಕತೆಯಿಂದ ಹೇಳಬೇಕಾದರೆ ಫಲವು ಮಿಶ್ರವಾಗಿತ್ತು. ಎರಡು ವರ್ಷಗಳಾದ ಮೇಲೆ ಸಭೆಗಳಿದ್ದ ಕಡೆ ಶೇಕಡಾ 14.9 ಮಂದಿಗೂ, ಇಲ್ಲದ ಕಡೆ ಶೇಕಡಾ 17.1 ಮಂದಿಗೂ ರೋಗ ಬಂದಿತ್ತು. ಈ ಅಂತರವು ಕೇವಲ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಆದರೆ ಮದ್ಯಪಾನ ಇಳಿದಿತ್ತು, ಹಣ್ಣು ಕಾಯಿಪಲ್ಯಗಳ ಸೇವನೆ ಏರಿತ್ತು, ದೇಹದ ಕಾರ್ಯಶಕ್ತಿ ಉತ್ತಮವಾಗಿತ್ತು. ಈಗಾಗಲೇ ರೋಗವುಳ್ಳವರಲ್ಲಿ ನಡೆಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಅಂಕಿಯಲ್ಲಿ ಸಣ್ಣದಾದರೂ ನಿಶ್ಚಿತವಾದ ಇಳಿತವನ್ನು ಕಂಡಿದ್ದಾರೆ. ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಆ ಅಂಕಿ ಒಂದು ಇಳಿದಲ್ಲಿ ಕಣ್ಣು, ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳಿಗೆ ತಗಲುವ ಹಾನಿಯು ಶೇಕಡಾ 37ರಷ್ಟು ಕಡಿಮೆಯಿರುವುದನ್ನು ಬ್ರಿಟನ್ನಿನ ಪ್ರಸಿದ್ಧ ಅಧ್ಯಯನವು 2000ದಲ್ಲಿ ತೋರಿಸಿದೆ.

ಆದುದರಿಂದ ಇದು ಪವಾಡವಲ್ಲ. ಪವಾಡವೆಂದು ಸಾರುವವರನ್ನು ನಂಬಲೂ ಬಾರದು. ಆದರೆ ನಮ್ಮ ಪರಿಸ್ಥಿತಿಯಲ್ಲಿ ಇದಕ್ಕೊಂದು ವಿಶೇಷ ಉಪಯೋಗವಿದೆ. ಅದು ಭಾಷೆಯದೂ ಬದುಕಿನದೂ ಆಗಿದೆ.

ವೈದ್ಯರು "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎನ್ನುತ್ತಾರೆ. ಹೋಟಲಿನವನ ಹೊತ್ತು ಯಾವುದು? ಗಿರಾಕಿಗಳ ಊಟ ಮುಗಿದು ಅವನು ತಟ್ಟೆಯ ಮುಂದೆ ಕೂಡುವಾಗ ಮಧ್ಯಾಹ್ನದ ಮೂರೂವರೆ. ರಾತ್ರಿಯೂಟ ಹನ್ನೆರಡರ ಮೇಲೆ, ಉಂಡ ಕೂಡಲೇ ನಿದ್ರೆ. ನಡುವೆ ಹೊಟ್ಟೆಯನ್ನು ಸುಮ್ಮನಿರಿಸುವುದು ಸಿಹಿ ಚಹಾ. "ಅನ್ನ ಕಡಿಮೆ ಮಾಡಿ" ಎನ್ನುತ್ತಾರೆ. ಅನ್ನಕ್ಕೆ ಬದಲಾಗಿ ಏನನ್ನು ಉಣ್ಣಬೇಕು? ವೈದ್ಯರ ಅಚ್ಚಾದ ಪಟ್ಟಿಯಲ್ಲಿ ಓಟ್ಸ್, ಬಾದಾಮಿ, ಸೇಬುಗಳಿವೆ. ರೇಷನ್ ಅಕ್ಕಿಯನ್ನು ನೆಚ್ಚಿದ ಕಲಬುರಗಿಯ ತಾಯಿಗೆ ಆ ಪಟ್ಟಿಯಿಂದ ದೊರೆಯುವುದು ತಿಳಿವಳಿಕೆಯಲ್ಲ, ಅವಮಾನ. ಗಂಡನಿಗೂ ಮಕ್ಕಳಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅವಳು ತನಗಾಗಿ ಬೇರೆ ಅಡಿಗೆ ಮಾಡಿಕೊಳ್ಳುವಳೆಂದು ಭಾವಿಸುವುದೇ ಅಜ್ಞಾನ.

ಅದೇ ಜೀವನವನ್ನು ಬಾಳಿದವನು ಬೇರೆ ರೀತಿಯಿಂದ ಹೇಳುತ್ತಾನೆ. ಎರಡು ಸೌಟು ಅನ್ನಕ್ಕೆ ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯವನ್ನೂ ಗಟ್ಟಿ ಬೇಳೆಯನ್ನೂ ಹಾಕಿಕೋ. ಅಡಿಗೆಮನೆಯಲ್ಲಿ ಅದಕ್ಕೆ ಬರವಿಲ್ಲ. ಮೂರೂವರೆಯವರೆಗೆ ಬರಿಹೊಟ್ಟೆಯಲ್ಲಿ ಇರಬೇಡ. ಹನ್ನೊಂದಕ್ಕೆ ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೋ. ರಾತ್ರಿ ಉಂಡಮೇಲೆ ಹತ್ತು ನಿಮಿಷ ಗಲ್ಲಿಯಲ್ಲಿ ಸುತ್ತಿ ಬಾ. ಏಕಾದಶಿಯಂದು ಸಾಬೂದಾನದ ಖಿಚಡಿ ತಿಂದು ಉಪವಾಸ ಮಾಡಿದೆನೆಂದು ತಿಳಿಯಬೇಡ. ಸಾಬೂದಾನವೆಂದರೆ ಪಿಷ್ಟವೇ, ಸಕ್ಕರೆಯನ್ನು ಅನ್ನದಂತೆಯೇ ಏರಿಸುತ್ತದೆ. ಬೆಲ್ಲವೂ ಜೇನೂ ಸಕ್ಕರೆಯ ಅಣ್ಣತಮ್ಮಂದಿರೇ. ಮೈ ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸಬೇಡ. ಮೈ ಚೆನ್ನಾಗಿರುವುದು ಮಾತ್ರೆಯಿಂದಲೇ. ಇನ್ಸುಲಿನ್ ಇಡಲು ಮನೆಯಲ್ಲಿ ಶೀತಪೆಟ್ಟಿಗೆ ಇಲ್ಲವೇ? ಮಣ್ಣಿನ ಮಡಕೆಯನ್ನು ಒದ್ದೆ ಮರಳಿನ ಮೇಲೆ ಇಟ್ಟು, ಸೀಸೆಯನ್ನು ನೀರು ತಾಕದಂತೆ ಅದರೊಳಗಿಡು. ಮಲಗುವ ಮುಂಚೆ ಬೆರಳುಸಂದಿಗಳನ್ನೂ ಅಂಗಾಲನ್ನೂ ನೋಡಿಕೋ; ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡು.

ಒಂದು ಮಾತನ್ನಂತೂ ಪ್ರತಿಯೊಬ್ಬ ಮಧುಮೇಹಿಯೂ ಅವನ ಜೊತೆಯಲ್ಲಿ ಮಲಗುವ ಪ್ರತಿಯೊಬ್ಬನೂ ತಿಳಿದಿರಲೇಬೇಕು. ಇನ್ಸುಲಿನ್ನನ್ನೋ ಕೆಲವು ಜಾತಿಯ ಮಾತ್ರೆಗಳನ್ನೋ ತೆಗೆದುಕೊಂಡು ಊಟ ತಪ್ಪಿದರೆ ರಕ್ತದ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ತಬ್ಬಿಬ್ಬು ಅದರ ಲಕ್ಷಣಗಳು. ಕುಡಿದವನೆಂದು ಜನ ಭ್ರಮಿಸುವುದೂ ಉಂಟು. ಕೂಡಲೇ ಮೂರು ಚಹಾ ಚಮಚೆಗಳಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಳ್ಳದಿದ್ದರೆ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಬಳಿಕ ಊಟ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆಯೇ ವಿಷವೆಂದು ಕಲಿತವನಿಗೆ ಸಕ್ಕರೆಯೇ ಪ್ರಾಣ ಉಳಿಸುವ ಗಳಿಗೆಯೂ ಉಂಟೆಂದು ಐದು ನಿಮಿಷದಲ್ಲಿ ಮನಗಾಣಿಸುವುದು ಕಠಿಣ. ಅದನ್ನು ಅನುಭವಿಸಿದವನ ಬಾಯಿಯಿಂದ ಕೇಳಿದರೆ ಮರೆಯುವುದು ಕಠಿಣ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ವೈದ್ಯಶಾಸ್ತ್ರವನ್ನು ಅರಿಯದವರು ಉಪದೇಶಕ್ಕೆ ಕುಳಿತರೆ ಅನರ್ಥವಾಗದೇ ಎಂದು ಕೆಲವರು ಕೇಳುವರು. ಈ ಭಯ ನಿರಾಧಾರವಲ್ಲ. ಹಾಗಲಕಾಯಿ ರಸ ಕುಡಿದು ಇನ್ಸುಲಿನ್ ಬಿಟ್ಟವರ, ಯಾವುದೋ ಪುಡಿಯಿಂದ ಆರು ವಾರಗಳಲ್ಲಿ ರೋಗವು ಬೇರುಸಹಿತ ಹೋಗುವುದೆಂದು ನಂಬಿ ಕೆಟ್ಟವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ವಾಚಕರು ಯೋಚಿಸಬೇಕು: ಆ ಉಪದೇಶಗಳು ಇಂದೂ ನಡೆದೇ ಇವೆಯಲ್ಲವೇ? ಲೋಕಲ್ ಗಾಡಿಯಲ್ಲಿ, ನಲ್ಲಿಯ ಬಳಿಯಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಜೊತೆಗಾರರ ವೈದ್ಯವು ಅಖಂಡವಾಗಿ ಸಾಗಿದೆ. ಜೊತೆಗಾರನು ಮಾತನಾಡಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅವನು ತರಬೇತಿ ಹೊಂದಿ ಮಾತನಾಡಬೇಕೇ, ಹೊಂದದೆ ಮಾತನಾಡಬೇಕೇ ಎಂಬುದೇ ಪ್ರಶ್ನೆ. ಔಷಧದ ಪ್ರಮಾಣವನ್ನು ಬದಲಿಸುವುದು, ನಿಲ್ಲಿಸುವುದು, ಹೊಸದನ್ನು ಸೂಚಿಸುವುದು ವೈದ್ಯರ ಕೆಲಸ. ಜೊತೆಗಾರನು ಅದಕ್ಕೆ ಕೈ ಹಾಕಕೂಡದು. ಕಾಲಿನ ಗಾಯ, ನಿಲ್ಲದ ವಾಂತಿ, ಎದೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಉಪದೇಶ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಗೆರೆಯನ್ನು ಮೊದಲ ದಿನವೇ ಎಳೆಯಬೇಕು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಬಡವರಿಗೆ ವೈದ್ಯರನ್ನೂ ಔಷಧವನ್ನೂ ಒದಗಿಸುವುದು ಸರಕಾರದ ಹೊಣೆ. ಬಡವರೇ ಬಡವರನ್ನು ನೋಡಿಕೊಳ್ಳಲೆಂದರೆ ಸರಕಾರವು ಕೈ ತೊಳೆದುಕೊಂಡಂತಾಗದೇ? ಆಗುತ್ತದೆ, ಜೊತೆಗಾರನನ್ನು ವೈದ್ಯನ ಬದಲಿಗೆ ನಿಲ್ಲಿಸಿದರೆ. 2010ರಲ್ಲಿ ಆರಂಭವಾಗಿ 2023ರಲ್ಲಿ ಹೊಸ ಹೆಸರನ್ನು ಪಡೆದ ರಾಷ್ಟ್ರೀಯ ಕಾರ್ಯಕ್ರಮವು ಮೂವತ್ತು ವರ್ಷ ದಾಟಿದವರೆಲ್ಲರ ತಪಾಸಣೆಯನ್ನೂ, ಸರಕಾರಿ ಕೇಂದ್ರಗಳಲ್ಲಿ ಔಷಧವನ್ನೂ ವಾಗ್ದಾನ ಮಾಡಿದೆ. ಆ ವಾಗ್ದಾನವನ್ನು ಬಿಟ್ಟುಕೊಡಬೇಕಾಗಿಲ್ಲ. ದವಾಖಾನೆಯಲ್ಲಿ ಮಾತ್ರೆ ಮುಗಿದಿದೆಯೆಂದರೆ ಒಂಟಿ ರೋಗಿಯು ತಲೆ ತಗ್ಗಿಸಿ ಹಿಂದಿರುಗುತ್ತಾನೆ. ತಮಗೆ ಬೇಕಾದುದೇನೆಂದು ಅರಿತ ಇಪ್ಪತ್ತು ಜನ ಒಟ್ಟಾಗಿ ಹೋದರೆ ಕಾರಣ ಕೇಳುತ್ತಾರೆ. ತಿಳಿದ ರೋಗಿಯು ಸರಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಅದನ್ನು ನೆನಪಿಸುತ್ತಾನೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಸಂಘಗಳಿಗೆ ಸಭಾಗೃಹಗಳಿವೆ; ವಾರದ ಹೆಚ್ಚಿನ ದಿನಗಳಲ್ಲಿ ಅವು ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೊಂದು ಮಧ್ಯಾಹ್ನ, ಹೋಟಲು ಕೆಲಸಗಾರರಿಗೆ ಬಿಡುವಿರುವ ನಾಲ್ಕು ಗಂಟೆಯ ಹೊತ್ತಿಗೆ, ಒಂದು ಕೋಣೆಯನ್ನು ತೆರೆಯಲಿ. ಶಿಬಿರದಲ್ಲಿ ಸಕ್ಕರೆ ಹೆಚ್ಚಾಗಿ ಕಂಡವರಿಗೆ ಚೀಟಿಯ ಜೊತೆಗೆ ಆ ಕೋಣೆಯ ವಿಳಾಸವನ್ನೂ ಕನ್ನಡದಲ್ಲಿ ಬರೆದುಕೊಡಲಿ. ಒಂದು ಬೆರಳಿನ ಹನಿಯಿಂದ ರೋಗ ನಿರ್ಣಯವಾಗದು, ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷಿಸಬೇಕೆಂದು ತಿಳಿಸಲಿ. ರೋಗವನ್ನು ಹತೋಟಿಯಲ್ಲಿಟ್ಟುಕೊಂಡ ಹಿರಿಯರಲ್ಲಿ ಇಬ್ಬರನ್ನೋ ಮೂವರನ್ನೋ ಆರಿಸಿ, ನಮ್ಮವರೇ ಆದ ವೈದ್ಯರು ಕೆಲವು ಭಾನುವಾರಗಳಲ್ಲಿ ಅವರನ್ನು ತರಬೇತು ಮಾಡಲಿ. ಇಂಥ ವೈದ್ಯರು ನಮ್ಮಲ್ಲಿ ಕಡಿಮೆಯಿಲ್ಲ. ವರ್ಷಕ್ಕೊಮ್ಮೆ ಸನ್ಮಾನದ ಶಾಲು ಹೊದೆಸಿ ಕಳಿಸಿಬಿಡುತ್ತೇವೆ, ಕೆಲಸ ಕೇಳುವುದಿಲ್ಲ. ಹೆಂಗಸರಿಗಾಗಿ ಝೋಪಡಪಟ್ಟಿಯಲ್ಲಿಯೇ, ಅವರ ಕೆಲಸ ಮುಗಿಯುವ ಹೊತ್ತಿಗೆ, ಹೆಂಗಸರೇ ನಡೆಸುವ ಬೇರೆ ಕೂಟವಿರಲಿ. ಸಂಘದ ಮೆಟ್ಟಿಲನ್ನು ಅವರು ಹತ್ತಿ ಬರಲೆಂದು ಕಾಯುವುದು ಸಲ್ಲದು. ಇದಕ್ಕೆ ತಗಲುವ ವೆಚ್ಚವು ಒಂದು ಸಮಾರಂಭದ ಹಾರ, ಶಾಲು, ಫಲಕಗಳ ವೆಚ್ಚವನ್ನು ಮೀರಲಾರದು. ಆದರೆ ಪಾಠ ಹೇಳುವ ಹಿರಿಯನ ಗಾಡಿಖರ್ಚನ್ನಾದರೂ ಸಂಘವು ಕೊಡಬೇಕು. ಬಡವನ ಸೇವೆಯನ್ನು ಧರ್ಮಾರ್ಥವಾಗಿ ಪಡೆಯುವ ಹಕ್ಕು ಯಾರಿಗೂ ಇಲ್ಲ.

ಹೋಟಲು ಮಾಲಿಕರಿಗೂ ಒಂದು ಮಾತು. ಅವರಲ್ಲಿ ಬಹುಮಂದಿ ತಾವೇ ಲೋಟ ತೊಳೆದು ಮೇಲೆ ಬಂದವರು. ಅವರಿಗೆ ಕಷ್ಟದ ಅರಿವಿಲ್ಲವೆನ್ನಲಾಗದು. ಒದ್ದೆ ನೆಲದಲ್ಲಿ ದುಡಿಯುವವರಿಗೆ ಬೆರಳು ಮುಚ್ಚುವ ಪಾದರಕ್ಷೆ, ಶೀತಪೆಟ್ಟಿಗೆಯಲ್ಲಿ ಇನ್ಸುಲಿನ್ ಸೀಸೆಗೆ ಅಂಗೈಯಗಲದ ಜಾಗ, ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣಲು ಸಂಬಳ ಕಡಿಯದೆ ಅರ್ಧ ದಿನದ ರಜೆ, ಇವಿಷ್ಟು ಅವರಿಂದ ಆಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರೋಗವಿದೆಯೆಂದು ಹೇಳಿಕೊಂಡವನ ಕೆಲಸ ಹೋಗದೆಂಬ ಅಭಯ ಬೇಕು. ಆ ಅಭಯವಿಲ್ಲದಿದ್ದರೆ ಸಂಘದ ಕೋಣೆ ಎಷ್ಟು ತೆರೆದಿದ್ದರೂ ಬರಿದಾಗಿಯೇ ಇರುವುದು. ಕೂಟದಲ್ಲಿ ಕೇಳಿದ್ದು ಕೂಟದ ಹೊರಗೆ ಹೋಗಕೂಡದೆಂಬ ನಿಯಮವೂ ಅಷ್ಟೇ ಅವಶ್ಯ.

ಇದೆಲ್ಲ ನಮಗೆ ಹೊಸದೇನೂ ಅಲ್ಲ. ಮುಂಬಯಿಗೆ ಅಕ್ಷರಗುರುತಿಲ್ಲದೆ ಬಂದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ಕಟ್ಟಿದರು. ಹಗಲೆಲ್ಲ ದುಡಿದು ದಣಿದವರು ರಾತ್ರಿ ದೀಪದಡಿಯಲ್ಲಿ ಪುಸ್ತಕ ಬಿಚ್ಚಿದರು. ಆ ಶಾಲೆಗಳಿಂದ ವಕೀಲರಾದವರೂ ಉದ್ಯಮಿಗಳಾದವರೂ ನಮ್ಮ ನಡುವೆ ಇದ್ದಾರೆ. ಅಲ್ಲಿ ಪಾಠ ನಡೆಯುತ್ತಿದ್ದ ಬಗೆಯನ್ನು ಈ ಲೇಖಕನು ಬಲ್ಲನು. ಮಾಸ್ತರನು ಹಲಗೆಯ ಮೇಲೆ ಬರೆಯುವುದು ಅರ್ಧ. ಹೋದ ವರ್ಷ ಕಲಿತವನು ಈ ವರ್ಷ ಬಂದವನ ಕೈ ಹಿಡಿದು ತಿದ್ದಿಸುವುದು ಇನ್ನರ್ಧ. ಆ ಎರಡನೆಯ ಅರ್ಧವಿಲ್ಲದಿದ್ದರೆ ಮಾಸ್ತರನ ವಿದ್ಯೆಯೆಲ್ಲ ಹಲಗೆಯ ಮೇಲೆಯೇ ಉಳಿಯುತ್ತಿತ್ತು. ಆ ಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಅವುಗಳನ್ನು ಕಟ್ಟಿದ ಬುದ್ಧಿಯೂ ಮುಚ್ಚಿಹೋಯಿತೆಂದು ಒಪ್ಪಲು ಮನಸ್ಸು ಬಾರದು.

ಆ ಅಡಿಗೆಯವನು ಈಗ ಊರಿನಲ್ಲಿದ್ದಾನೆ. ಮೂವತ್ತೈದು ವರ್ಷ ಸಾವಿರಾರು ಜನರಿಗೆ ಬೇಯಿಸಿ ಹಾಕಿದವನು ಮನೆಯ ಜಗಲಿಯಲ್ಲಿ ಕುಳಿತಿದ್ದಾನೆ. ಹೋಗುವ ಮುನ್ನಾದಿನ ಗಲ್ಲಾದ ವೃದ್ಧರು ಅವನನ್ನು ನೋಡಲು ಬಂದಿದ್ದರಂತೆ. ತಮ್ಮ ರೋಗದ ಸಂಗತಿಯನ್ನು ಅಂದೇ ಮೊದಲ ಬಾರಿಗೆ ಹೇಳಿ, ಉಳಿದ ಕಾಲನ್ನು ಕಾಪಾಡಿಕೊಳ್ಳುವ ಬಗೆಯನ್ನು ಒಂದು ಗಂಟೆ ಕುಳಿತು ವಿವರಿಸಿದರಂತೆ. ಎಲ್ಲವೂ ಅರ್ಥವಾಯಿತೆಂದು ಅವನು ಫೋನಿನಲ್ಲಿ ತಿಳಿಸಿದನು. ಈಗ ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳುತ್ತಾನೆ.

ಆ ಒಂದು ಗಂಟೆ ಎರಡು ವರ್ಷ ತಡವಾಗಿ ಬಂತು. ಈ ಸಲದ ನವೆಂಬರಿನಲ್ಲಿ ಚಪ್ಪರದಡಿ ಚೀಟಿಗಳನ್ನು ಹಂಚುವ ನಮ್ಮ ಸಂಘಗಳ ಪದಾಧಿಕಾರಿಗಳು ಕೇವಲ ಎಷ್ಟು ಜನರ ಬೆರಳು ಚುಚ್ಚಿದೆವೆಂದು ವರದಿಯಲ್ಲಿ ಬರೆಯದಿರಲಿ. ಮುಂದಿನ ನವೆಂಬರಿಗೆ ಅವರಲ್ಲಿ ಎಷ್ಟು ಜನ ಇನ್ನೂ ಮಾತ್ರೆ ಸೇವಿಸುತ್ತಿದ್ದಾರೆ, ಎಷ್ಟು ಜನ ಎರಡೂ ಕಾಲುಗಳ ಮೇಲೆ ನಡೆದು ಬಂದಿದ್ದಾರೆ ಎಂಬುದನ್ನೂ ಎಣಿಸಿ ಬರೆಯಲಿ. ಆ ಲೆಕ್ಕವನ್ನು ಓದಲು ಈ ಪತ್ರಿಕೆಯ ವಾಚಕರು ಕಾದಿರುವರೆಂದು ನಮ್ಮ ನಂಬಿಕೆ.